ಉಪ್ಪಿಲ್ಲದ ಉಪ್ಪಿಟ್ಟು

ಯಜಮಾನರು ತೀರಿಹೋದಾಗ ನಾನು ಅಳಲಿಲ್ಲ. ಕೆಲವು ತಿಂಗಳಾದ ಮೇಲೆ ಬೋಗಾದಿಯ ಡಾಕ್ಟರು ನನ್ನ ರಕ್ತಪರೀಕ್ಷೆ ನೋಡಿ, "ಶುಗರ್ ಇನ್ನೂ ಬಂದಿಲ್ಲಮ್ಮ, ಆದರೆ ಅಂಚಿನಲ್ಲಿದೆ," ಎಂದು ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟರು. "ಇದರಿಂದ ವಯಸ್ಸಾಗೋದೂ ನಿಧಾನ ಆಗುತ್ತೆ ಅಂತಾರೆ. ಅದಿನ್ನೂ ಖಚಿತ ಇಲ್ಲ," ಎಂದು ನಕ್ಕರು. ವಯಸ್ಸು ನಿಧಾನವಾಗಿ ನನಗೇನಾಗಬೇಕಿತ್ತೋ ತಿಳಿಯಲಿಲ್ಲ. ಬೇಡ ಎನ್ನುವಷ್ಟು ಮನಸ್ಸೂ ಇರಲಿಲ್ಲ. ಊಟದ ಜೊತೆ ನುಂಗತೊಡಗಿದೆ.

ಒಂದು ಬೆಳಿಗ್ಗೆ ಹಿನಕಲ್‌ನಿಂದ ತಂಗಿ ಬಂದಳು. ನಾನು ಮಾಡಿದ ಉಪ್ಪಿಟ್ಟನ್ನು ಒಂದು ತುತ್ತು ತಿಂದು ನನ್ನ ತಟ್ಟೆ ನೋಡಿದಳು. ಅದು ಆಗಲೇ ಅರ್ಧ ಖಾಲಿಯಾಗಿತ್ತು.

"ಉಪ್ಪೇ ಹಾಕಿಲ್ಲ ಕಣಕ್ಕ! ಎಂಗೆ ತಿಂತಿದ್ದೀಯ?"

"ಗೊತ್ತಾಗಲಿಲ್ಲ," ಎಂದೆ.

"ಆ ಮಾತ್ರೆ ನಿನ್ನ ನಾಲಿಗೆ ಕೆಡಿಸ್ಬುಟ್ಟಿದೆ. ಏಳು, ಡಾಕ್ಟರನ್ನೇ ಕೇಳೋಣ."

ಕೆಲವರಿಗೆ ಹಾಗಾಗುತ್ತದೆ ಎಂದು ಡಾಕ್ಟರು ಮಾತ್ರೆ ನಿಲ್ಲಿಸಿ, ದಿನಾ ನಡೆಯಲು ಹೇಳಿದರು. ಮಾತ್ರೆ ಶುರುವಾದಾಗಿನಿಂದ ಬಾಯಲ್ಲಿ ಕಬ್ಬಿಣ ನೆಕ್ಕಿದಂತಿದ್ದದ್ದು ಸ್ವಲ್ಪ ದಿನಕ್ಕೆ ಹೋಯಿತು. ಅದರ ಜಾಗಕ್ಕೆ ಬೇರೆ ಯಾವ ರುಚಿಯೂ ಬರಲಿಲ್ಲ. "ಈಗ ಸರಿಹೋಯ್ತಾ?" ಎಂದು ತಂಗಿ ಫೋನಿನಲ್ಲಿ ಕೇಳಿದಾಗ "ಹೂಂ" ಎಂದೆ. ಈಗ ಚಮಚದಲ್ಲಿ ಅಳೆದು ಉಪ್ಪು ಹಾಕುತ್ತೇನೆ. ಮನೆಗೆ ಬಂದವರು ಅಡುಗೆ ಚೆನ್ನಾಗಿದೆ ಎನ್ನುತ್ತಾರೆ.