ನಿದ್ದೆ ಬಂದಲ್ಲಿ ಗೆರೆ

ಬೆಳಕು ಇನ್ನೂ ಹರಿದಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯ ಮನೆಯಲ್ಲಿ ರೈಟರಮ್ಮ ಒಲೆಯ ಕಟ್ಟೆಗೆ ಒರಗಿ ನಿಂತುಕೊಂಡೇ ಬರೆಯುತ್ತಿದ್ದಾರೆ. ಬಲಗೈಯಲ್ಲಿ ಪೆನ್ನು, ಹಾಲು ಉಕ್ಕದಂತೆ ಎಡಗೈಯಲ್ಲಿ ಸೌಟು ಆಡುತ್ತಿದೆ. ನೆಲದ ಮೇಲೆ ಕೂತರೆ ಮಂಚದಲ್ಲಿ ಮಲಗಿರುವ ಗಂಡನ ಮುಖ ಕಾಣುವುದಿಲ್ಲ, ಅದಕ್ಕೆ ನಿಲ್ಲುವುದು. ಇವತ್ತು ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ವಾರಪತ್ರಿಕೆಗೆ ಧಾರಾವಾಹಿಯ ಕೊನೆಯ ಕಂತು ಹೋಗಬೇಕು. ಇಷ್ಟು ವರ್ಷ ಬರೆದ ಕೈಗೆ, ಸ್ವಂತ ಹೆಸರಿನಲ್ಲಿ ಅಚ್ಚಾಗುತ್ತಿರುವ ಮೊದಲ ಬರಹ ಅದು.

ಯಾವ ಪತ್ರಿಕೆಯಲ್ಲೂ ಅವರಿಗೆ ಕುರ್ಚಿಯಿಲ್ಲ. ಕರೆದವರಿಗೆ ಬರೆದುಕೊಡುವುದೇ ಕೆಲಸ. ಆರೋಗ್ಯದ ಪುಟಕ್ಕೆ ವೈದ್ಯರೊಬ್ಬರ ಹೆಸರಿನಲ್ಲಿ ಬರೆದಿದ್ದಾರೆ. ತಾನು ಕಾಲಿಡದ ಊರುಗಳ ಪ್ರವಾಸ ಕಥನ ಬರೆದಿದ್ದಾರೆ. ಸಿರಿವಂತರ ಆತ್ಮಕಥೆಗಳಲ್ಲಿ ‘ನಾನು’ ಆಗಿ ಕೂತು ಎದ್ದು ಬಂದಿದ್ದಾರೆ. ಬಹಳ ಕಾಲ ವಾರಭವಿಷ್ಯವೂ ಅವರದೇ.

“ನಮ್ಮೆಜಮಾನ್ರ ರಾಶಿಗೆ ಮಾತ್ರ ಪ್ರತಿ ವಾರ ‘ಪ್ರಯಾಣದಲ್ಲಿ ಸುಖ’ ಅಂತ ಹಾಕ್ತಿದ್ದೆ. ಲಾರಿ ಓಡ್ಸೋರು, ಇನ್ನೇನು ಬೇಕು ಹೇಳಿ,” ಎಂದು ನಗುತ್ತಾರೆ. ನಗು ಅಷ್ಟಕ್ಕೇ ನಿಲ್ಲುತ್ತದೆ. “ಈಗ ಆ ಅಂಕಣ ಬಿಟ್ಬಿಟ್ಟೆ. ಅವರ ರಾಶಿ ಬಂದಾಗ ಪೆನ್ನು ಮುಂದಕ್ಕೇ ಹೋಗಲ್ಲ.”

ಬರೆಯುವುದಕ್ಕೆ ಸ್ಫೂರ್ತಿ ಯಾರೆಂದು ಕೇಳಿದರೆ ಮಂಚದ ಕಡೆ ಕೈ ತೋರಿಸುತ್ತಾರೆ. ದೇವರು ಕಿವಿಯನ್ನು ಎಲ್ಲರಿಗೂ ಕೊಟ್ಟ, ಕೇಳುವ ತಾಳ್ಮೆಯನ್ನು ಅಳೆದು ಕೊಟ್ಟ. ಈ ಮನೆಗೆ ಆ ಅಳತೆ ತುಸು ಧಾರಾಳವಾಗಿ ಬಿದ್ದಿದೆ. ಗಂಡ ರಾತ್ರಿಯಿಡೀ ಲಾರಿ ಓಡಿಸಿ ಬೆಳಗಿನ ಜಾವ ಮನೆಗೆ ಬಂದು ಊಟಕ್ಕೆ ಕೂತರೆ, ಎದುರಿಗೆ ಕೂತು ಈಕೆ ಬರೆದದ್ದನ್ನು ಓದುವುದು ರೂಢಿ. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಅನ್ನುತ್ತಾರೆ. ಎರಡೂ ಒಟ್ಟಿಗೆ ಬಂದವನನ್ನು ಎಚ್ಚರ ಇಡಬೇಕಾದರೆ ಮಾತಿಗೆ ಜೀವ ಇರಬೇಕು. ಅವರು ತೂಕಡಿಸಿದ ಕಡೆ ಈಕೆ ಗೆರೆ ಎಳೆದು ಹೊಡೆದುಹಾಕುತ್ತಿದ್ದರು. ಎಚ್ಚರವಾದ ಮೇಲೆ ಅವರದು ಒಂದೇ ಮಾತು: “ಇಲ್ಲಿ ರಸ್ತೆ ನೆಟ್ಟಗಿದೆ ಕಣೇ. ತಿರುವು ಇಲ್ಲದ ಕಡೇನೇ ಡ್ರೈವರು ಸಾಯೋದು.”

ಈಗ ಅವರ ಹೊಟ್ಟೆಯಲ್ಲಿ ಹುಟ್ಟಿದ ಗಂಟು ಬೆನ್ನುಮೂಳೆಗೆ ಇಳಿದಿದೆ. ವಾಸಿ ಮಾಡುವ ಮಾತನ್ನು ಡಾಕ್ಟರು ಆಡುವುದಿಲ್ಲ. ನೋವಿಗೊಂದು ಔಷಧಿ ಕೊಟ್ಟಿದ್ದಾರೆ. ಕುಡಿದರೆ ನೋವೂ ಮಲಗುತ್ತದೆ, ಮನುಷ್ಯನೂ ಮಲಗುತ್ತಾನೆ. ಈಕೆ ಮಾತ್ರ ಹಳೆಯ ನೇಮ ಬಿಡಲಿಲ್ಲ. ಓದುತ್ತ ಹೋದರು, ಅವರು ಕಣ್ಣು ಮುಚ್ಚಿದಲ್ಲೆಲ್ಲ ಗೆರೆ ಎಳೆಯುತ್ತ ಹೋದರು. ವಾರದಿಂದ ವಾರಕ್ಕೆ ಕಂತು ಸೊರಗಿತು.

ಕೊನೆಗೆ ಉಪಸಂಪಾದಕರೇ ಫೋನು ಮಾಡಿದರು. “ಮೇಡಂ, ಹೋದ ವಾರ ನಿಮ್ಮ ನಾಯಕಿ ಬಾಗಿಲು ತೆಗೆದ್ಲು, ಈ ವಾರ ಮುಚ್ಚಿದ್ಲು. ನಡುವೆ ಯಾರು ಬಂದ್ರು, ಏನು ಕಥೆ? ಹೀಗೇ ಆದ್ರೆ ಆ ಪುಟಾನ ಬೇರೆಯವರಿಗೆ ಕೊಟ್ಬಿಡ್ತಾರೆ.”

ಮಂಚದಲ್ಲಿದ್ದವರಿಗೆ ಎಲ್ಲ ಕೇಳಿಸಿತು.

“ಔಷಧಿ ನಿದ್ದೆಗೂ ಕಥೆ ನಿದ್ದೆಗೂ ವ್ಯತ್ಯಾಸ ತಿಳಿಯಲ್ವೇನೇ ರೈಟರಮ್ಮ?”

“ತಿಳಿಯಲ್ಲ ರೀ. ನಿಮ್ಮ ಕಣ್ಣು ಮುಚ್ಚಿದ್ರೆ ನನ್ನ ಕೈ ನಿಲ್ಲಲ್ಲ.”

“ಹಾಗಾದ್ರೆ ಓದೋ ದಿನ ಮೊದಲು ಓದು. ಔಷಧಿ ಆಮೇಲೆ.”

ಬೇಡವೆಂದರೂ ಅವರು ಕೇಳಲಿಲ್ಲ. ಅಂದಿನಿಂದ ಅದೇ ಕಟ್ಟಳೆ.

ಇವತ್ತೂ ಔಷಧಿಯ ಲೋಟವನ್ನು ಅವರು ಕೈಯಿಂದ ಆಚೆ ಸರಿಸಿದ್ದಾರೆ. ಈಕೆ ದೇವರನ್ನು ನೆನೆದು ಮಂಚದ ಅಂಚಿಗೆ ಕೂತು ಓದಲು ಶುರು ಮಾಡುತ್ತಾರೆ. ಮೊದಲ ಪುಟದಲ್ಲಿ ಅವರು ಒಮ್ಮೆ ನಗುತ್ತಾರೆ. ಎರಡನೆಯದರಲ್ಲಿ, “ಯಾಕೆ ಓಡ್ತೀಯ? ಗೇರು ಬದಲಾಯಿಸ್ದೆ ಏರು ಹತ್ತಿಸ್ತಿದೀಯಲ್ಲ,” ಎಂದು ರೇಗಿಸುತ್ತಾರೆ. ಓಡುವುದು ಯಾಕೆಂದು ಇಬ್ಬರಿಗೂ ಗೊತ್ತು. ಮೂರನೆಯ ಪುಟಕ್ಕೆ ಅವರ ಕೈ ಮಂಚದ ಕಂಬಿಯನ್ನು ಹಿಡಿದಿದೆ, ಬೆರಳ ಗಿಣ್ಣುಗಳು ಬಿಳಿಚಿವೆ, ಹಣೆಯ ಮೇಲೆ ಬೆವರು ಮಣಿಮಣಿಯಾಗಿ ನಿಂತಿದೆ. ಕಣ್ಣುಗಳು ಮಾತ್ರ ಅಗಲವಾಗಿ ತೆರೆದಿವೆ.

“ಮುಂದೆ ಓದು,” ಎನ್ನುತ್ತಾರೆ.

ಈಕೆ ಆ ಕಣ್ಣುಗಳನ್ನೇ ನೋಡುತ್ತಾರೆ. ಅವು ಎಚ್ಚರವಿರುವುದು ಕಥೆಯ ದೆಸೆಯಿಂದಲೋ ನೋವಿನ ದೆಸೆಯಿಂದಲೋ, ಬಲ್ಲವರು ಯಾರು? ಕಾಗದ ಮಡಿಲಿಗಿಳಿಸಿ ಲೋಟಕ್ಕೆ ಕೈ ಹಾಕುತ್ತಾರೆ.

“ಇನ್ನೂ ಎರಡು ಪುಟ ಇದೆಯಲ್ಲೇ.”

“ಇಲ್ಲ ರೀ, ಮುಗೀತು.”

“ಮುಗಿದ ಹಾಗಿಲ್ಲ,” ಎನ್ನುತ್ತಾರೆ ಗಂಡ. ಆದರೂ ಔಷಧಿಗೆ ಬಾಯಿ ತೆರೆಯುತ್ತಾರೆ.

ಸ್ವಲ್ಪ ಹೊತ್ತಿಗೆ ಕಂಬಿ ಹಿಡಿದ ಕೈ ತಾನಾಗಿ ಬಿಡುತ್ತದೆ. ಕೆಳಗೆ ಅಂಗಡಿಯ ಬಾಗಿಲು ಎತ್ತುವ ಸದ್ದು. ರೈಟರಮ್ಮ ಉಳಿದ ಎರಡು ಪುಟಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸದೆ, ಪೆನ್ನು ಕೈಯಲ್ಲೇ ಇಟ್ಟುಕೊಂಡು ಓದುತ್ತಾರೆ. ಆಮೇಲೆ ಒಂದೊಂದೇ ಪುಟದ ಚಿತ್ರವನ್ನು ಫೋನಿನಲ್ಲಿ ತೆಗೆದು ಪತ್ರಿಕೆಗೆ ಕಳುಹಿಸುತ್ತಾರೆ.

“ಆ ಎರಡು ಪುಟ ಯಾರೂ ಕೇಳಿಲ್ಲ,” ಎನ್ನುತ್ತಾರೆ ಮೆಲ್ಲಗೆ, ಮಲಗಿದವರಿಗೆ ಎಚ್ಚರವಾಗದ ಹಾಗೆ. “ಚೆನ್ನಾಗಿಲ್ದಿದ್ರೆ ಬೈಗುಳ ನನಗೊಬ್ಬಳಿಗೇ ಬರ್ಲಿ. ಗೆರೆ ಎಳೆಯೋಣ ಅಂತ ಹುಡುಕ್ದೆ. ಎಲ್ಲೂ ಕೈ ಹೋಗ್ಲಿಲ್ಲ.”