ಅಖ್ತರಬೇಗಂ ಬರೆದ ಸೈರನ್ನು

ಅಖ್ತರಬೇಗಂಗೆ ಸಿ ಭಾಷೆ ಕಲಿಸಿದವನು ನಾನು, ಶಹಾಪುರದ ಕಂಪ್ಯೂಟರ್ ತರಬೇತಿ ಕೇಂದ್ರದ ಅಂಬ್ರಪ್ಪ ಮಾಸ್ತರ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹುಣಸಗಿಯಲ್ಲಿ ಯಾರೂ ಹೇಳುವುದಿಲ್ಲ. ಅಲ್ಲಿ ಎಲ್ಲರ ಬಾಯಲ್ಲೂ ಅಖ್ತರ್ ಮೇಡಂ, ಅಖ್ತರ್ ಮೇಡಂ. ಹನ್ನೆರಡು ವರ್ಷ ಪಾಠ ಹೇಳಿದ ನನಗೆ ಚಹಾದಂಗಡಿಯವನೂ ಎದ್ದು ನಮಸ್ಕಾರ ಮಾಡಿದ್ದಿಲ್ಲ. ಹೊಟ್ಟೆಕಿಚ್ಚು ಅನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ.

ಅವಳ ತಂದೆ ಯೂನುಸ ಸುರಪುರದ ಬಜಾರಿನಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಅವಳು ದಿನಾ ಬಸ್ಸಿನಲ್ಲಿ ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ತಿಳಿಯದ ಕಡೆ ನೋಟ್‌ಬುಕ್ಕನ್ನು ನನ್ನ ಮುಂದೆ ಹಿಡಿದು, “ಇದೊಂದು ನೀವ ಬರದು ಕೊಡ್ರಿ ಸರ್” ಅನ್ನುವಳು. ನಾನು ಬರೆದು ಕೆಳಗೆ ಸಹಿ ಹಾಕಿ ಕೊಡುತ್ತಿದ್ದೆ. ಸಹಿ ಹಾಕುವುದೆಂದರೆ ಆಗ ನನಗೆ ಬಲು ಖುಷಿ.

ಕಾಲುವೆ ನೀರು ಬಂದ ಮೇಲೆ ಹುಣಸಗಿ ಕಡೆಯ ಹೊಲಗಳಲ್ಲಿ ಪಾಳಿ ಶುರುವಾಗಿತ್ತು. ಒಬ್ಬರಿಗೆ ಮೂರು ತಾಸು ನೀರು, ಆಮೇಲೆ ತೂಬು ಮುಚ್ಚಿ ಮುಂದಿನವರಿಗೆ ಬಿಡಬೇಕು. ಜಗಳವೆಲ್ಲ ಗಡಿಯಾರದ್ದು. ಒಬ್ಬನದು ಹತ್ತು ನಿಮಿಷ ಮುಂದೆ, ಇನ್ನೊಬ್ಬನದು ಕಾಲು ತಾಸು ಹಿಂದೆ, ಮೂರನೆಯವನದು ಅವನಿಗೆ ಬೇಕಾದಂತೆ. ನೀರು ಬಳಕೆದಾರರ ಸಂಘದಲ್ಲಿ ಕೆಲಸಕ್ಕೆ ಸೇರಿದ ಅಖ್ತರಬೇಗಂ ಒಂದು ಪ್ರೋಗ್ರಾಮು ಬರೆದಳು. ಕಂಪ್ಯೂಟರು ಮೂರು ತಾಸು ಎಣಿಸಿ ಆಫೀಸಿನ ಮಾಳಿಗೆಯ ಮೇಲಿನ ಸೈರನ್ನು ಕೂಗಿಸುವುದು. ಸಂಘದವರು ಠರಾವು ಮಾಡಿದರು: ತೂಬಿನ ಹತ್ತಿರ ಇನ್ನು ಯಾರೂ ಗಡಿಯಾರ ಕಟ್ಟಿಕೊಂಡು ಬರಬಾರದು, ಸೈರನ್ನು ಕೂಗಿದರೆ ತೂಬು ಮುಚ್ಚಬೇಕು, ಕೂಗುವ ತನಕ ಮುಚ್ಚು ಎಂದು ಯಾರೂ ಕೇಳುವಂತಿಲ್ಲ.

ಜಗಳ ನಿಂತೇಹೋಯಿತು. ಅವಳ ಫೋಟೊ ಪೇಪರಿನಲ್ಲಿ ಬಂತು. ಗುರುವಿನ ಹೆಸರಿದೆಯೇ ಎಂದು ಎರಡು ಸಲ ಓದಿದೆ. ಇರಲಿಲ್ಲ. ಅದೇ ಪೇಪರಿನಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ತಿಂದೆ.

ಎರಡು ಸಾವಿರದ ಆರರಲ್ಲಿ ಸಂಘದ ಹಳೆಯ ವಿಂಡೋಸ್ ಕಂಪ್ಯೂಟರು ಕೆಟ್ಟು, ಲಿನಕ್ಸ್ ಹಾಕಿದ ಬೇರೊಂದು ಬಂತು. ಅಖ್ತರಬೇಗಂ ತನ್ನ ಪ್ರೋಗ್ರಾಮನ್ನು ಅದರಲ್ಲಿ ಹಾಕಿ, ಒಂದು ಸಲ ಸೈರನ್ನು ಕೂಗಿಸಿ ನೋಡಿದಳು. ಮರುದಿನ ಬೆಳಿಗ್ಗೆ ಆರಕ್ಕೆ ದ್ಯಾವಪ್ಪನ ಪಾಳಿ ಶುರು ಮಾಡಿ, ಬಾಗಿಲಿಗೆ ಬೀಗ ಹಾಕಿ, ಅವ್ವನ ಕಣ್ಣು ತೋರಿಸಲು ಸುರಪುರಕ್ಕೆ ಹೋದಳು. ಒಂಬತ್ತಕ್ಕೆ ಸೈರನ್ನು ಕೂಗಲಿಲ್ಲ. ಹನ್ನೆರಡಕ್ಕೂ ಇಲ್ಲ. ಮುಂದಿನ ಪಾಳಿಯ ಶೇಖಮ್ಮ ಬದುವಿನ ಮೇಲೆ ಕೂತೇ ಇದ್ದಳು. ಬಿಸಿಲು ನೆತ್ತಿಗೆ ಬಂದಾಗ ಹೋಗಿ ಕೇಳಿದ್ದಕ್ಕೆ ದ್ಯಾವಪ್ಪ, “ಸೈರನ್ ಆಗೇತೇನಬೇ?” ಅಂದ. ಆಗಿಲ್ಲವೆಂದು ಅವಳೂ ಒಪ್ಪಿ ಹಿಂದಿರುಗಿ ಮತ್ತೆ ಕೂತಳು. ಸಂಜೆಯ ತನಕ ಇಡೀ ಕಾಲುವೆ ದ್ಯಾವಪ್ಪನ ಗದ್ದೆಯಲ್ಲಿ ಹರಿಯಿತು.

ಸಂಘದ ಅಧ್ಯಕ್ಷ ರಾಮಣ್ಣ ನನಗೆ ಫೋನು ಮಾಡಿದರು. “ಮಾಸ್ತರ, ಮುಂಜಾನಿ ಬಂದು ನೋಡ್ರಿ. ಆಕಿ ಬರದದ್ದು ಕಚ್ಚಾ ಇದ್ರ ತಗದು ಒಗಿತೀವಿ. ಹೊಸಾದು ನೀವ ಬರಕೊಡ್ರಿ.”

ಆ ಬಸ್ಸಿನಲ್ಲಿ ನನಗಾದ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಪರದೆ ನೋಡಿದ ಕೂಡಲೇ ತಪ್ಪು ಕಂಡಿತು. ಹೊರಗೆ ಒಂದು ದಿನ ಕಳೆದಿದ್ದರೆ ಪ್ರೋಗ್ರಾಮಿನ ಲೆಕ್ಕದಲ್ಲಿ ಎರಡೇ ಸೆಕೆಂಡು. ಸಿ ಭಾಷೆಯಲ್ಲಿ ಟೈಮ್ ಎಂಬ ಫಂಕ್ಷನ್ನು ಗೋಡೆಯ ಗಡಿಯಾರದಂತೆ ಹೊರಗಿನ ಹೊತ್ತು ಹೇಳುತ್ತದೆ. ಕ್ಲಾಕ್ ಎಂಬುದು ಪ್ರೊಸೆಸರು ಆ ಪ್ರೋಗ್ರಾಮಿಗಾಗಿ ದುಡಿದ ಹೊತ್ತನ್ನಷ್ಟೇ ಎಣಿಸುತ್ತದೆ. ಸುಮ್ಮನೆ ಕಾದ ಹೊತ್ತು ಅದಕ್ಕೆ ಲೆಕ್ಕವಿಲ್ಲ. ಅವಳು ಬಳಸಿದ್ದು ಕ್ಲಾಕ್. ವಿಂಡೋಸಿನಲ್ಲಿ ಅದೂ ಹೊರಗಿನ ಹೊತ್ತನ್ನೇ ಹೇಳುವುದರಿಂದ ಇಷ್ಟು ವರ್ಷ ತಪ್ಪು ಮುಚ್ಚಿಹೋಗಿತ್ತು, ಲಿನಕ್ಸಿನಲ್ಲಿ ಬಯಲಾಯಿತು.

ಜನ ಸೇರಿದ್ದರು, ಸುರಪುರದಿಂದ ಮರಳಿದ್ದ ಅಖ್ತರಬೇಗಂ ಕೂಡ ಅಲ್ಲೇ ನಿಂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: “ಆಕಿಗೆ ಕ್ಲಾಕಿಗೂ ಟೈಮಿಗೂ ಫರಕ್ ಗೊತ್ತಿಲ್ರಿ. ಬುನಾದಿನ ಕಚ್ಚಾ ಐತಿ.”

ಅಖ್ತರಬೇಗಂ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಜನರ ಕಡೆ ತಿರುಗಿ, “ಹೌದ್ರಿ, ತಪ್ಪು ನಂದ. ಹೊಸಾ ಮಷೀನ್ ಮ್ಯಾಲ ಮೂರು ತಾಸು ಓಡಿಸಿ ನೋಡಬೇಕಿತ್ತು, ನೋಡಲಿಲ್ಲ. ಒಂದು ಪಾಳಿ ಬಿಡ್ರಿ, ಸರಿ ಮಾಡಿ ತೋರಿಸ್ತೀನಿ” ಅಂದಳು.

ರಾಮಣ್ಣ ನನ್ನ ಮುಖ ನೋಡುತ್ತಿದ್ದಾಗ ಎದ್ದವಳು ಶೇಖಮ್ಮ, ನೀರು ಸಿಗದವಳು. “ಗಡಿಯಾರ ಕಟಗೊಂಡು ಬರತಿದ್ರಲ್ಲ ನೀವೆಲ್ಲ, ಒಬ್ಬಾಂವರ ತಪ್ಪು ನಂದು ಅಂದಾನೇನು? ಈಕಿ ಅಂದಾಳ. ಈಕಿದ ಇರಲಿ.” ಅಷ್ಟೇ. ರಾಮಣ್ಣ ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಅವಳ ಕಡೆ ಎಳೆದರು. ಅಖ್ತರಬೇಗಂ ಕೂತು ಕ್ಲಾಕ್ ಇದ್ದಲ್ಲಿ ಟೈಮ್ ಹಾಕಿದಳು. ಶೇಖಮ್ಮನ ಹೊಲಕ್ಕೆ ನೀರು ಬಿಟ್ಟರು. ಸರಿಯಾಗಿ ಮೂರು ತಾಸಿಗೆ ಮಾಳಿಗೆಯ ಮೇಲೆ ಸೈರನ್ನು ಕೂಗಿತು, ಜನ ಚಪ್ಪಾಳೆ ತಟ್ಟಿದರು. ನನ್ನ ಕೈಗಳು ಜೇಬಿನಲ್ಲಿದ್ದವು.

ನಾನು ಬಸ್‌ಸ್ಟ್ಯಾಂಡಿಗೆ ಬಂದು ಕೂತಿದ್ದೆ. ಅಖ್ತರಬೇಗಂ ಹುಡುಕಿಕೊಂಡು ಬಂದು ತನ್ನ ಹಳೆಯ ನೋಟ್‌ಬುಕ್ಕನ್ನು ಚಾಚಿದಳು. ನಡುವೆ ಒಂದು ಹಾಳೆ ಮಡಿಸಿತ್ತು. ತೆರೆದೆ. “ಎಷ್ಟು ಹೊತ್ತು ಕಳೆಯಿತೆಂದು ತಿಳಿಯಲು ಯಾವಾಗಲೂ ಕ್ಲಾಕ್ ಬಳಸಬೇಕು.” ಅಕ್ಷರ ನನ್ನದು. ಕೆಳಗಿನ ಸಹಿಯೂ ನನ್ನದೇ.

“ಇದು ನಿಮ್ಮ ಹತ್ರನ ಇರಲಿ ಸರ್,” ಅಂದಳು. “ಆಫೀಸಿನ್ಯಾಗ ಇದ್ರ ಯಾರರ ನೋಡ್ತಾರ.”

ಅವಳು ಹೊರಟುಹೋದಳು. ಸಂಘದ ಆಫೀಸು ಇನ್ನೂ ತೆರೆದಿತ್ತು, ಜನ ಅಲ್ಲೇ ಇದ್ದರು. ಬಸ್ಸಿಗೆ ಅರ್ಧ ತಾಸು ಇತ್ತು. ಹೋಗಿ ಹೇಳಿ ಬರಬಹುದಿತ್ತು. ನಾನು ನೋಟ್‌ಬುಕ್ಕನ್ನು ಚೀಲದ ತಳಕ್ಕೆ ಹಾಕಿ ಆ ಅರ್ಧ ತಾಸನ್ನೂ ಅಲ್ಲೇ ಕೂತು ಕಳೆದೆ.