ಕಾದಂಬರಿಗೆ ಉಣ್ಣೆಯ ಅಂಗಿ

ಗೆಳತಿಯರೇ, ಇವತ್ತು ಬೆಳಿಗ್ಗೆ ನಮ್ಮೂರ ಬೀರಪ್ಪನ ಗುಡಿಕಟ್ಟೆಯ ಮೇಲೆ ಕುಳಿತು ಕಲ್ಲೋಳಿಯ ಲೈಬ್ರರಿಯಿಂದ ತಂದ ಕಾದಂಬರಿ ಓದುತ್ತಿದ್ದೆ. ದಿನಾ ಪೂಜೆಯಾದ ಮೇಲೆ ಅಲ್ಲಿ ಸಿಗುವ ಅರ್ಧ ಗಂಟೆಯೇ ನನ್ನ ಓದು. ಮನೆಗೆ ಹೋದರೆ ಪುಸ್ತಕ ಮುಟ್ಟಲು ಪುರುಸೊತ್ತಿಲ್ಲ.

ಗುಡಿಯ ಹಿರಿಯರಾದ ಸಿದ್ದಪ್ಪ ಕಾಕಾ ಎದುರಿಗೇ ಕಂಬಳಿ ಹಾಸಿಕೊಂಡು ಕುಳಿತಿದ್ದರು. "ಅದೇನ ಓದಾಕತ್ತೀ? ಪುರಾಣ ಏನವಾ?" ಅಂದರು.

"ಅಲ್ಲರಿ ಕಾಕಾ. ಗಂಡನ್ನ ಬಿಟ್ಟು ಸ್ವಂತ ಅಂಗಡಿ ಇಟ್ಟಾಕಿ ಕಥಿ."

"ಏಳ ಮೊದಲ! ಇಂಥಾ ಮೈಲಿಗಿ ಪುಸ್ತಕ ಇನ್ನ ಮ್ಯಾಲ ಗುಡಿಗಿ ತರಬ್ಯಾಡ."

ನಾನು ಏಳಲಿಲ್ಲ. ಈ ವಾರ ನಮ್ಮ ಕುರಿಗಳ ಉಣ್ಣೆಯಲ್ಲಿ ನಾನು ಹೆಣೆದದ್ದು ಮೊಮ್ಮಗಳಿಗೊಂದು ಟೊಪ್ಪಿಗೆ, ಕಾಕಾನ ಕೊರಳಲ್ಲಿದ್ದ ಮಫ್ಲರ್, ಮತ್ತೆ ಆ ಪುಸ್ತಕದ ಹೊದಿಕೆ.

"ಕಾಕಾ, ಉಣ್ಣಿಗೆ ಮೈಲಿಗಿ ಇಲ್ಲಂತ ಕಂಬಳಿ ಮ್ಯಾಲ ಕುಂತಾವ್ರು ನೀವ. ಈ ಪುಸ್ತಕಕ್ಕೂ ಉಣ್ಣಿ ಅಂಗಿ ತೊಡಿಸೇನ್ರಿ. ಇದು ಮೈಲಿಗಿ ಅಂದ್ರ ನೀವೂ ಏಳ್ರಿ, ಮಫ್ಲರೂ ತಗೀರಿ."

"ನಿನ್ನ ಬಾಯಿಗೊಂದ ಅಂಗಿ ಹೆಣಕೋ!" ಅಂದರು. ಮಫ್ಲರ್ ಮಾತ್ರ ತೆಗೆಯಲಿಲ್ಲ. ನಾನು ಬೀರಪ್ಪನಿಗೆ ಕೈಮುಗಿದು ಮುಂದಿನ ಪುಟ ತಿರುವಿದೆ.

ಸಂಜೆ ಕಾಕಾನ ಸೊಸೆ ನಮ್ಮನೆಗೆ ಬಂದಳು. ಸೆರಗಿನೊಳಗಿಂದ ದಪ್ಪನೆಯ ಕಾದಂಬರಿಯೊಂದನ್ನು ತೆಗೆದು, "ಅಕ್ಕಾರ, ಇದಕ್ಕೂ ಒಂದ ಅಂಗಿ ಹೆಣದ ಕೊಡ್ರಿ" ಅಂದಳು.

ಅಳತೆ ತೆಗೆದುಕೊಂಡಿದ್ದೇನೆ. ಇನ್ನು ಕಟ್ಟೆಯ ಮೇಲೆ ನಾವಿಬ್ಬರು. ಜಾಗ ಸಾಲದಿದ್ದರೆ ಕಾಕಾ ಕಂಬಳಿ ಸ್ವಲ್ಪ ಸರಿಸಿಕೊಳ್ಳಲಿ.